ದೂರ ನಿಂತ ಫ್ರೇಜರ್

ಆ ಟೈಲರ್ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಕಾಜಾ ಹೊಲಿಯುತ್ತಿದ್ದವಳನ್ನು ಎಲ್ಲರೂ ಕಾಜಕ್ಕ ಎಂದೇ ಕರೆಯುತ್ತಿದ್ದರು. ಷರ್ಟಿಗೆ ಕಾಜಾ, ಗುಂಡಿ, ಪ್ಯಾಂಟಿಗೆ ಅಂಚು, ಇಷ್ಟು ಅವಳ ಕೆಲಸ. ಒಂದು ಕಾಜಾಕ್ಕೆ ಇಪ್ಪತ್ತೆಂಟು ಹೊಲಿಗೆ. ಇಪ್ಪತ್ತೇಳು ಬಿದ್ದರೆ ಬಿಚ್ಚಿ ಮತ್ತೆ ಹಾಕುವವಳು. ಮಾತು ಮಾತ್ರ ಕಮ್ಮಿ. ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುವವಳು ಆಡುವುದಾದರೂ ಏನನ್ನು?

ಅವಳಿಗೂ ಸೇರಿಸಿ ಮಾತಾಡಲು ಅಲ್ಲಿ ಜನರಿದ್ದರು. ಮಧ್ಯಾಹ್ನ ಮೂರಕ್ಕೆ ಪಕ್ಕದ ಅಂಗಡಿಯ ವೈಂಡಿಂಗ್‌ನವನು, ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವವನು, ಕೈಯ ವಾರ್ನಿಷ್ ಒರೆಸಿಕೊಳ್ಳುತ್ತ ಬಂದು ಕೂತನೆಂದರೆ ಕಟಿಂಗ್ ಟೇಬಲ್ಲೇ ಬಾಕ್ಸಿಂಗ್ ರಿಂಗು. ಒಬ್ಬರನ್ನೊಬ್ಬರು ರಿಂಗಿನಲ್ಲಿ ಎಂದೂ ಎದುರಿಸದ ಹೆವಿವೇಯ್ಟ್ ವೀರರು ಅಲ್ಲಿ ದಿನವೂ ಹೊಡೆದಾಡುತ್ತಿದ್ದರು. ಅಲಿಗೂ ಜೋ ಲೂಯಿಸ್‌ಗೂ ಬಿದ್ದರೆ ಗೆಲ್ಲುವವರು ಯಾರು? ಟೈಸನ್‌ನನ್ನು ಮಾರ್ಸಿಯಾನೊ ತಡೆದುಕೊಳ್ಳುತ್ತಾನೆಯೇ? ಟೈಲರ್ ಮಾಸ್ಟರ್ ಅಲಿಯ ಪಕ್ಷ, ಟೇಪು ಎಳೆದು ಅವನ ತೋಳಿನ ಉದ್ದ ತೋರಿಸುತ್ತಿದ್ದರು. ವೈಂಡಿಂಗ್‌ನವನು ಟೈಸನ್ ಹೆಸರೆತ್ತಿದರೆ ಮೈಮೇಲೆ ಬಂದವನಂತೆ ಆಡುತ್ತಿದ್ದ. ಪ್ಯಾಂಟು ಕೇಳಲು ಬಂದ ಗಿರಾಕಿಗಳು ಪ್ಯಾಂಟು ಮರೆತು ಹೋದದ್ದೂ ಉಂಟು.

ತೀರ್ಪು ಡ್ರಿಲ್ ಮೇಷ್ಟ್ರದ್ದು. ಶಾಲೆಯಿಂದ ರಿಟೈರಾದವರು, ಪ್ರಾಯದಲ್ಲಿ ತಾವೂ ಹೆವಿವೇಯ್ಟ್ ಆಡಿದವರು. ಎಡಕ್ಕೆ ವಾಲಿದ ಮೂಗೇ ಅವರ ಸರ್ಟಿಫಿಕೇಟು. ಅವರು ಹಾಕಿಕೊಟ್ಟ ನಿಯಮ ಒಂದೇ. ಯಾರನ್ನು ತಂದರೂ ಅವರವರ ಭರ್ಜರಿ ದಿನಗಳಲ್ಲಿ ತರಬೇಕು. ಸೋತು ಸುಣ್ಣವಾದ ದಿನದಲ್ಲಿ ಮನುಷ್ಯನನ್ನು ಎಳೆದು ತಂದು ಅಳೆಯಬಾರದು ಎನ್ನುತ್ತಿದ್ದರು.

ಕಾಜಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಯಾರ ಎತ್ತರ ಎಷ್ಟು, ಯಾರ ಎಡಗೈ ಕೆಳಗಿಳಿಯುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ಅಲಿಗೂ ಲೂಯಿಸ್‌ಗೂ ನಡೆಯುವ ಪಂದ್ಯದ ಒಂದೊಂದು ಸುತ್ತನ್ನೂ ಮನಸ್ಸಿನಲ್ಲೇ ಆಡಿಸಿ ಮುಗಿಸಿ, ತೀರ್ಪನ್ನು ಇಸ್ತ್ರಿ ಹಾಕಿ ಮಡಿಸಿಟ್ಟಿದ್ದಳು. ಒಂದು ದಿನ ಯಾರಾದರೂ ಕೇಳುತ್ತಾರೆ, ಆಗ ಬಿಚ್ಚಿ ತೋರಿಸಿದರೆ ಇವರೆಲ್ಲ ಬಾಯಿ ಬಿಟ್ಟುಕೊಂಡು ಕೂರಬೇಕು ಎಂಬ ಆಸೆ. ಯಾರೂ ಕೇಳಲಿಲ್ಲ.

ಹೋದ ವರ್ಷ ಮೇಷ್ಟ್ರ ನೆನಪು ಪಿಸಿಯತೊಡಗಿತು. ಮೊದಲು ಹೆಸರುಗಳು ಹೋದವು, ಆಮೇಲೆ ಮುಖಗಳು, ಕೊನೆಗೆ ಮಾತು. ಅವರ ಹೆಂಡತಿ ದಿನಾ ಮೂರಕ್ಕೆ ಕೈಹಿಡಿದು ಕರೆತಂದು ಕೂರಿಸುತ್ತಿದ್ದರು. ಮೇಷ್ಟ್ರು ಬಾರದ ಬಸ್ಸಿಗೆ ಕಾದವರಂತೆ ಕೂತಿರುತ್ತಿದ್ದರು. ಮಾಸ್ಟರ್ ದನಿ ತಗ್ಗಿಸಿದರು. ವೈಂಡಿಂಗ್‌ನವನಂತೂ, ಪಾಪ, ಮೇಷ್ಟ್ರು ಏನೂ ಹೇಳದಿದ್ದರೂ ನೀವು ಹೇಳಿದ್ದೇ ಸರಿ ಎಂದು ತಲೆಯಾಡಿಸುತ್ತಿದ್ದ. ಅದನ್ನು ಕಂಡರೆ ಕಾಜಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಗುರುವಾರ ಮೇಷ್ಟ್ರ ಹೆಂಡತಿ ಅವಳ ಪಕ್ಕ ಕೂತು ಮೆಲ್ಲಗೆ ಹೇಳಿಕೊಂಡರು. ಮನೆಯಲ್ಲಿ ಅವರು ಬಾಯಿ ತೆರೆದು ನಲವತ್ತು ದಿನವಾಯಿತಂತೆ. ಹೇಗಾದರೂ ಮಾತಾಡಿಸಿ, ರೂಢಿ ಪೂರ್ತಿ ತಪ್ಪಿದರೆ ಮತ್ತೆ ಬರುವುದು ಕಷ್ಟ ಎಂದಿದ್ದರಂತೆ ಡಾಕ್ಟರು. "ಶನಿವಾರದ ತನಕ ಕರ್ಕೊಂಡು ಬರ್ತೀನಮ್ಮ. ಆಮೇಲೆ ಬೇಡ. ಇವರನ್ನ ಕಂಡು ಎಲ್ಲರೂ ಅಯ್ಯೋ ಪಾಪ ಅನ್ನೋದು ನೋಡೋಕಾಗಲ್ಲ."

ಅವತ್ತು ಬಸ್ಸಿನಲ್ಲಿ ಕಾಜಕ್ಕ ತಲೆ ಕೆಡಿಸಿಕೊಂಡಳು. ಈ ಮನುಷ್ಯ ಯಾವಾಗ ಬಾಯಿ ಬಿಡುತ್ತಿದ್ದರು? ಹೊಗಳಿದಾಗಲ್ಲ, ಕೇಳಿದಾಗಲೂ ಅಲ್ಲ. ಯಾರಾದರೂ ತಪ್ಪು ಹೇಳಿದಾಗ. ತಪ್ಪನ್ನು ತಿದ್ದದೆ ಬಿಟ್ಟರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಆದರೆ ಆ ಗಂಡಸರಿಬ್ಬರಿಗೆ ಬೇಕೆಂದು ತಪ್ಪು ಹೇಳಲು ಬಾಯಿ ಬರುವುದಿಲ್ಲ, ಹೇಳಿದರೂ ನಕ್ಕು ಕೆಡಿಸುತ್ತಾರೆ. ಉಳಿದವಳು ತಾನು. ಹತ್ತೊಂಬತ್ತು ವರ್ಷದ ಮೇಲೆ ಆಡುವ ಮೊದಲ ಮಾತೇ ಶತದಡ್ಡಿಯದಾದರೆ, ಮಡಿಸಿಟ್ಟ ಆ ತೀರ್ಪನ್ನು ಇನ್ನು ಯಾರು ಕೇಳುತ್ತಾರೆ?

ಶನಿವಾರ ಮೇಷ್ಟ್ರ ಹೊಸ ಪ್ಯಾಂಟಿನ ಅಳತೆ ನೋಡಬೇಕಿತ್ತು. ಅವರನ್ನು ನಿಲ್ಲಿಸಿ, ಕಾಜಕ್ಕ ಕಾಲ ಬಳಿ ಮಂಡಿಯೂರಿ ಅಂಚಿಗೆ ಪಿನ್ನು ಚುಚ್ಚುತ್ತಿದ್ದಳು. ಟೇಬಲ್ಲಿನ ಹತ್ತಿರ ಫ್ರೇಜರ್ ಮತ್ತು ಟೈಸನ್ ನಡುವಿನ ಪಂದ್ಯ ಪಿಸುದನಿಯಲ್ಲಿ ನಡೆದಿತ್ತು. ಇಬ್ಬರೂ ಎದುರಾಳಿಯ ಎದೆಗೇ ನುಗ್ಗಿ ಹೊಡೆಯುವವರು. ಅವಳು ಬಾಯಿಂದ ಪಿನ್ನುಗಳನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡಳು.

"ಫ್ರೇಜರ್ ಗೆಲ್ತಾನೆ ಬಿಡಿ," ಎಂದಳು ಜೋರಾಗಿ. "ಅಷ್ಟು ಎತ್ತರದ ಆಳು. ದೂರ ನಿಂತ್ಕೊಂಡು, ಉದ್ದ ಕೈಯಲ್ಲಿ ಬರೀ ಬಲಗಡೆಯಿಂದ ತಟ್ತಾ ಇದ್ರೆ ಸಾಕು."

ಕತ್ತರಿ ನಿಂತಿತು. ವೈಂಡಿಂಗ್‌ನವನು ಬಿದ್ದು ಬಿದ್ದು ನಕ್ಕ. ಕಾಜಕ್ಕನ ಮುಖ ಕಿವಿಯವರೆಗೆ ಬಿಸಿಯಾಯಿತು. ಅವಳು ತಲೆಯೆತ್ತಿ ಮೇಷ್ಟ್ರನ್ನೇ ನೋಡುತ್ತಿದ್ದಳು. ಏನೂ ಆಗಲಿಲ್ಲ. ಇನ್ನೂ ಏನೂ ಆಗಲಿಲ್ಲ.

ಆಮೇಲೆ ಅವಳ ಕೈಯಲ್ಲಿದ್ದ ಪ್ಯಾಂಟಿನ ಅಂಚು ಜಾರಿತು. ಮೇಷ್ಟ್ರು ಎಡಗಾಲು ಮುಂದಿಟ್ಟು ಮಂಡಿ ಬಗ್ಗಿಸಿದ್ದರು. ಪಿನ್ನು ಚುಚ್ಚಿದ್ದೂ ಅವರಿಗೆ ತಿಳಿಯಲಿಲ್ಲ.

"ದೂರ ನಿಲ್ತಾನಾ?" ಎಂದರು. ತುಕ್ಕು ಹಿಡಿದ ಗೇಟು ತೆರೆದಂಥ ದನಿ. "ಫ್ರೇಜರ್ ದೂರ ನಿಲ್ತಾನಾ? ಹೆವಿವೇಯ್ಟ್‌ಗಳಲ್ಲಿ ಅವನು ಕುಳ್ಳರ ಸಾಲಿನವನು. ಬಗ್ಗಬೇಕು, ನುಗ್ಗಬೇಕು. ಎಡಗೈ. ಎಡಗೈ ಹುಕ್ಕು!" ಅವರ ಎಡಗೈ ಗಾಳಿಯಲ್ಲಿ ಸುಯ್ಯೆಂದು ತಿರುಗಿ ನೇತುಹಾಕಿದ್ದ ಕೋಟಿಗೆ ಬಡಿಯಿತು. ಆಮೇಲೆ ಅವರು ಬಗ್ಗಿ ಅವಳ ಮುಖ ನೋಡಿದರು. "ಅಲ್ಲ ಕಾಜಕ್ಕ, ಇಷ್ಟು ವರ್ಷ ಇಲ್ಲೇ ಕೂತು ಕೇಳಿಸ್ಕೊಂಡು, ನೀನು ಕಲ್ತಿದ್ದು ಇದೇನಾ?"

ಮೇಷ್ಟ್ರ ಹೆಂಡತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಎರಡು ತಿಂಗಳಿಂದ ಗಂಡ ತಮ್ಮನ್ನೇ ಹೆಸರು ಹಿಡಿದು ಕರೆದಿರಲಿಲ್ಲ.

"ತಪ್ಪಾಯ್ತು ಮೇಷ್ಟ್ರೆ," ಎಂದಳು ಕಾಜಕ್ಕ. ಬೈಸಿಕೊಂಡು ಅಷ್ಟು ಸುಖಪಟ್ಟದ್ದು ಅವಳ ಆಯಸ್ಸಿನಲ್ಲೇ ಮೊದಲು.

ಸೋಮವಾರವೂ ಅವರು ಬಂದರು, ಮಂಗಳವಾರವೂ ಬಂದರು. ಕಾಜಕ್ಕ ದಿನಕ್ಕೊಂದು ತಪ್ಪು ಹೇಳಿದಳು. ಕೆಲವು ದಿನ ಅದಕ್ಕೂ ಮೇಷ್ಟ್ರು ಮಿಸುಕಲಿಲ್ಲ. ಮಿಸುಕಿದ ದಿನ ಅವಳಿಗೆ ಚೆನ್ನಾಗಿ ಮಂಗಳಾರತಿಯಾಯಿತು. ವೈಂಡಿಂಗ್‌ನವನು ಅವಳಿಗೆ ದೂರದ ಫ್ರೇಜರ್ ಎಂದು ಹೆಸರಿಟ್ಟ. ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗಿಸಿದ. ಅವಳು ಗುಂಡುಸೂಜಿ ಕಚ್ಚಿಕೊಂಡು ಕಾಜಾ ಹೊಲಿಯುತ್ತಲೇ ಇದ್ದಳು.

ತಿಂಗಳ ಮೇಲೆ ಒಂದು ಬೆಳಿಗ್ಗೆ, ಇಬ್ಬರೇ ಇದ್ದಾಗ, ಮಾಸ್ಟರ್ ಚಾಕ್‌ಪೀಸು ಕೆಳಗಿಟ್ಟು ಸುಮ್ಮನೆ ಕೇಳಿದರು. "ಕಾಜಕ್ಕ, ಫ್ರೇಜರ್ ಎಷ್ಟು ಎತ್ತರ?"

"ಐದು ಅಡಿ ಹನ್ನೊಂದೂವರೆ ಇಂಚು," ಎಂದಳು ಅವಳು, ಹೊಲಿಗೆಯಿಂದ ಕಣ್ಣೆತ್ತದೆ.

ಮಾಸ್ಟರ್ ಸ್ಟೂಲು ಎಳೆದುಕೊಂಡು ಅವಳೆದುರು ಕೂತರು. "ಹಾಗಾದ್ರೆ ಹೇಳಮ್ಮ. ಅಲೀನೋ, ಲೂಯಿಸ್ಸೋ?"

ಹತ್ತೊಂಬತ್ತು ವರ್ಷ ಕಾದಿದ್ದ ಪ್ರಶ್ನೆ. ಕಾಜಕ್ಕ ದಾರ ಕಚ್ಚಿ ತುಂಡರಿಸಿದಳು.

"ಮೂರು ಗಂಟೆಗೆ ಹೇಳ್ತೀನಿ ಮಾಸ್ಟರ್," ಎಂದಳು. "ಅದನ್ನ ಇವತ್ತು ತಪ್ಪಾಗಿ ಹೇಳ್ಬೇಕು ಅಂತ ಇಟ್ಕೊಂಡಿದೀನಿ."