ಜಾಹೀರಾತಿನ ಮಗಳು, ನಮ್ಮ ಮನೆಯ ಸ್ಕೂಟರು

ನಿಮ್ಮ ಮನೆಯ ಹಳೆಯ ಸ್ಕೂಟರನ್ನು ಆ ಮನೆಯ ಯಾವ ಹೆಣ್ಣುಮಗಳು ಓಡಿಸಿದ್ದಾಳೆ, ಹೇಳಿ ನೋಡೋಣ? ಹಿಂದೆ ಕುಳಿತವಳ ವಿಷಯವಲ್ಲ. ಹ್ಯಾಂಡಲ್ ಹಿಡಿದವಳ ವಿಷಯ.

ನಮ್ಮ ಮನೆಯಲ್ಲಿ ಯಾರೂ ಓಡಿಸಿರಲಿಲ್ಲ. ಜಯನಗರದ ತವರುಮನೆಯಲ್ಲಿ ಇಂದಿಗೂ ನಿಂತಿರುವ ಆ ತಿಳಿನೀಲಿ ಸ್ಕೂಟರು ಇಟಲಿಯ ಮಾದರಿಯದು: ದುಂಡನೆಯ ಹಿಂಬದಿ, ಬೆನ್ನಿಗೊಂದು ಸ್ಟೆಪ್ನಿ, ಎಡಗೈಯಲ್ಲಿ ಗೇರು. ಚಿಕ್ಕವಳಿದ್ದಾಗ ನಾನು ಅಪ್ಪಾಜಿಯ ಮುಂದೆ ನಿಂತು ಹಾರನ್ ಒತ್ತುತ್ತಿದ್ದೆ. ತಮ್ಮ ನಿಲ್ಲುವಷ್ಟು ದೊಡ್ಡವನಾದ ಕೂಡಲೇ ಆ ಜಾಗ ಅವನದಾಯಿತು. ನಾನು ಹಿಂದೆ, ಅಪ್ಪಾಜಿಗೂ ಅಮ್ಮನಿಗೂ ನಡುವೆ ಸೇರಿಕೊಂಡೆ. ಅವನಿಗೆ ಮೀಸೆ ಚಿಗುರುವ ಹೊತ್ತಿಗೆ ಅಪ್ಪಾಜಿ ಭಾನುವಾರದ ಖಾಲಿ ರಸ್ತೆಯಲ್ಲಿ ಅವನ ಎಡಗೈಯ ಮೇಲೆ ತಮ್ಮ ಕೈಯಿಟ್ಟು ಗೇರು ಕಲಿಸಿದರು. ನಾನು ಗೇಟಿನ ಬಳಿ ನಿಂತು ನೋಡಿದೆ. ಅದೇ ವರ್ಷ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಸ್ತ್ರೀ ಸಮಾನತೆಯ ಪರವಾಗಿ ವಾದಿಸಿ ಕಪ್ ಗೆದ್ದು ತಂದೆ. ಅಪ್ಪಾಜಿ ಅದನ್ನು ಶೋಕೇಸಿನಲ್ಲಿಟ್ಟು ಬಂದವರಿಗೆಲ್ಲ ತೋರಿಸಿದರು. ಸ್ಕೂಟರಿನ ಕೀಲಿ ಮಾತ್ರ ತಮ್ಮನ ಜೇಬಿನಲ್ಲಿತ್ತು.

ಈಗ ಇಂಥ ಸ್ಕೂಟರುಗಳ ಮೇಲೆ ಜಾಹೀರಾತಿನವರ ಕಣ್ಣು ಬಿದ್ದಿದೆ. ಕಾಫಿಪುಡಿಯಾಗಲಿ, ರೇಷ್ಮೆ ಸೀರೆಯಾಗಲಿ, ಗೋಡೆಯ ಬಣ್ಣವಾಗಲಿ, ಪಕ್ಕದಲ್ಲೊಂದು ದುಂಡು ಸ್ಕೂಟರು ನಿಲ್ಲಿಸಿದರೆ ಸಾಕು. ನೋಡುವವರಿಗೆ ತಮ್ಮ ಮನೆಯ ಯಾವುದೋ ಒಳ್ಳೆಯ ದಿನ ನೆನಪಾಗುತ್ತದೆ, ಆ ದಿನದ ಮೇಲಿನ ಅಕ್ಕರೆ ಮಾರುವ ಸರಕಿಗೂ ಅಂಟಿಕೊಳ್ಳುತ್ತದೆ. ಕಳೆದ ವರ್ಷ ಒಂದು ಚಿನ್ನದಂಗಡಿಯ ಜಾಹೀರಾತಿಗೆ ತಮ್ಮ ನಮ್ಮ ಸ್ಕೂಟರು ಕೊಡಲು ಒಪ್ಪಿದ. ಚಿತ್ರೀಕರಣ ನಮ್ಮ ರಸ್ತೆಯಲ್ಲೇ. ಕಥೆ ಇಷ್ಟು: ತಂದೆಯೊಬ್ಬ ಮಗಳಿಗೆ ತನ್ನ ಹಳೆಯ ಸ್ಕೂಟರು ಕಲಿಸುತ್ತಾನೆ, ಕೀಲಿಯ ಜೊತೆಗೆ ಬಂಗಾರದ ಬಳೆಯನ್ನೂ ಕೊಡುತ್ತಾನೆ.

ಬಿಟಿಎಂ ಲೇಔಟಿನ ನನ್ನ ಮನೆಯಿಂದ, ನನ್ನ ಗೇರಿಲ್ಲದ ಗಾಡಿಯಲ್ಲಿ ನಾನು ಅಲ್ಲಿಗೆ ಬಂದಾಗ, ಮಗಳ ಪಾತ್ರದ ಹುಡುಗಿ ನಮ್ಮ ಸ್ಕೂಟರಿನ ಮೇಲೆ ಕುಳಿತಿದ್ದಳು. ಮುಡಿಯಲ್ಲಿ ಮಲ್ಲಿಗೆಯಿತ್ತು, ತಲೆಗೆ ಹೆಲ್ಮೆಟ್ ಇರಲಿಲ್ಲ. ಗೇರು ಬೀಳುತ್ತಿರಲಿಲ್ಲ. ತಂದೆಯ ಪಾತ್ರದ ನಟನಿಗೂ ಅದು ಗೊತ್ತಿರಲಿಲ್ಲ. ಕೊನೆಗೆ ಅಪ್ಪಾಜಿಯನ್ನೇ ಕರೆದರು.

"ನೋಡಮ್ಮಾ, ಕ್ಲಚ್ ಪೂರ್ತಿ ಹಿಡ್ಕೋ. ಈಗ ಮೇಲಕ್ಕೆ ತಿರುಗ್ಸು, ಅದು ಫಸ್ಟು," ಎಂದು ಅಪ್ಪಾಜಿ ಅವಳ ಎಡಗೈಯ ಮೇಲೆ ತಮ್ಮ ಕೈಯಿಟ್ಟರು.

"ಅಯ್ಯೋ ಅಂಕಲ್, ಸಖತ್ ಟೈಟಿದೆ!"

"ಟೈಟೇ ಇರುತ್ತೆ. ಇದು ಬೈದ್ರೆ ಕೇಳಲ್ಲ, ಪುಸಲಾಯಿಸ್ಬೇಕು. ಹೆದರ್ಬೇಡ ಮಗಳೇ, ನಾನ್ ಹಿಡ್ಕೊಂಡಿದೀನಿ."

ನಾನು ಒಂದು ಹೆಜ್ಜೆ ಮುಂದಿಟ್ಟೆ. ಕ್ಯಾಮೆರಾದ ಹಿಂದಿನಿಂದ ಯಾರೋ ಕೂಗಿದರು: "ಮೇಡಂ, ಫ್ರೇಮಲ್ಲಿ ಬರ್ತಿದೀರ. ಸ್ವಲ್ಪ ಗೇಟ್ ಹತ್ರ ನಿಂತ್ಕೊಳ್ಳಿ."

ಗೇಟಿನ ಬಳಿ! ಅಲ್ಲಿ ನಿಂತು ಆ ಜಾಹೀರಾತಿನ ವಿರುದ್ಧ ಮನಸ್ಸಿನಲ್ಲೇ ವಾದ ಹೂಡಿದೆ. ಮಗಳ ಸ್ವಾತಂತ್ರ್ಯಕ್ಕೆ ಬಂಗಾರದ ಬಳೆ ತೊಡಿಸುವುದೇ ತಪ್ಪು. ಹೆಲ್ಮೆಟ್ ಇಲ್ಲದಿರುವುದು ಇನ್ನೂ ತಪ್ಪು. ಎಷ್ಟೋ ಮನೆಗಳಲ್ಲಿ ನಡೆಯದೇ ಹೋದದ್ದನ್ನು ಎಲ್ಲರ ನೆನಪೆಂದು ಮಾರುವುದಂತೂ ಶುದ್ಧ ಸುಳ್ಳು. ವಾದದಲ್ಲಿ ಎಲ್ಲಿಯೂ ಲೋಪವಿರಲಿಲ್ಲ. ಆದರೂ ಹೊಟ್ಟೆ ಉರಿಯುತ್ತಿತ್ತು. ಹುಡುಗಿಯರ ಪಿಜಿಗಳಿಗೆ ಹೋಗಿ ಆಸ್ತಿಹಕ್ಕಿನ ಬಗ್ಗೆ ಮಾತನಾಡುವ ನನಗೆ, ಅಂಥದೇ ಒಬ್ಬ ಹುಡುಗಿಯ ಎಡಗೈಯ ಮೇಲೆ ಅಪ್ಪಾಜಿಯ ಕೈ ಕಂಡು ಸಹಿಸಲಾಗಲಿಲ್ಲ. ಅವಳು ನಗುನಗುತ್ತಾ ಹಾರನ್ ಒತ್ತಿದಳು. ಅದನ್ನೂ!

ಎಲ್ಲರೂ ಹೋದ ಮೇಲೆ ತಮ್ಮ ಸ್ಕೂಟರಿಗೆ ಹೊದಿಕೆ ಹಾಕುತ್ತಿದ್ದ. ನಾನು ಅವನನ್ನು ತಡೆದು ಹೇಳಿದೆ:

"ಅಪ್ಪಾಜಿ, ನಂಗೂ ಹೇಳ್ಕೊಡಿ."

"ನಿಂಗ್ಯಾಕಮ್ಮ? ನಿನ್ ಗಾಡಿ ಇದ್ಯಲ್ಲ, ಗೇರೂ ಇಲ್ಲ, ರಗಳೇನೂ ಇಲ್ಲ."

"ಅವಳಿಗೆ ಹೇಳ್ಕೊಟ್ರಲ್ಲ."

"ಅದು ಶೂಟಿಂಗ್ ಕಣಮ್ಮ."

"ಇದೂ ಶೂಟಿಂಗ್ ಅಂತಲೇ ಅಂದ್ಕೊಳ್ಳಿ."

ತಮ್ಮ ನಕ್ಕ. "ಕೊಟ್ಬಿಡಿ ಅಪ್ಪಾಜಿ. ಇಲ್ದಿದ್ರೆ ಅಕ್ಕ ಇದರ ಮೇಲೂ ಭಾಷಣ ಶುರು ಮಾಡ್ತಾಳೆ."

ಅಪ್ಪಾಜಿ ನಗಲಿಲ್ಲ. "ಆಗ್ಲೇ ಕೇಳ್ಬೇಕಿತ್ತು ನೀನು," ಎಂದರು.

"ಅವನು ಕೇಳಿದ್ನಾ?"

ಅಪ್ಪಾಜಿ ತಮ್ಮನತ್ತ ಕೈ ಚಾಚಿದರು. ಕೀಲಿ ಬಂತು.

ಹೆಲ್ಮೆಟ್ ಹಾಕಿಕೊಂಡೆ. ಸ್ಕೂಟರನ್ನು ಒಂದು ಪಕ್ಕಕ್ಕೆ ವಾಲಿಸಿ ನಿಲ್ಲಿಸಿ ಕಿಕ್ ಹೊಡೆದೆ. ಆ ಕ್ರಮ ನೋಡಿ ನೋಡಿಯೇ ಬಂದಿತ್ತು. ಕ್ಲಚ್ ಬಿಟ್ಟ ತಕ್ಷಣ ಗಾಡಿ ಮುಗ್ಗರಿಸಿ ಆಫ್ ಆಯಿತು. ಅಪ್ಪಾಜಿ ಮೆಟ್ಟಿಲ ಮೇಲೆ ನಿಂತೇ, "ನಿಧಾನಕ್ಕೆ ಬಿಡು, ನಿಧಾನಕ್ಕೆ," ಎಂದರು. ಮತ್ತೆ ಹೊಡೆದೆ. ಈ ಸಲ ರಸ್ತೆಯ ತಿರುವಿನವರೆಗೆ ಹೋಗಿ ಬಂದೆ. ಸಂತೋಷವಾಯಿತು, ಸುಳ್ಳೇಕೆ? ಆದರೆ ಅವರು ಮೆಟ್ಟಿಲಿಳಿದು ಬಂದು ನನ್ನ ಕೈಯ ಮೇಲೆ ಕೈಯಿಡಲಿಲ್ಲ. ಬೆಳೆದ ಮಗಳಿಗೆ ಅದರ ಅಗತ್ಯವಿಲ್ಲವೆಂದು ಅವರಿಗೆ ಅನ್ನಿಸಿರಬೇಕು.

ಕೆಲವು ವಾರಗಳ ನಂತರ ಬನಶಂಕರಿಯ ಸಿಗ್ನಲ್ ಬಳಿ ಆ ಜಾಹೀರಾತಿನ ದೊಡ್ಡ ಫಲಕ ಬಂತು: ನಮ್ಮ ಸ್ಕೂಟರು, ಅವಳ ಮಲ್ಲಿಗೆ, ಅವಳ ಕೈಯ ಮೇಲೆ ತಂದೆಯ ಕೈ. ಮುಖ ಆ ನಟನದು. ಕೈ ಯಾರದೆಂದು ನನಗೆ ಗೊತ್ತು. ಗೇರು ಹಾಕುವ ಆ ಚಿತ್ರಕ್ಕೆ ಅಪ್ಪಾಜಿಯ ಕೈಯನ್ನೇ ಹತ್ತಿರದಿಂದ ತೆಗೆದು, ನಟನ ಮುಖದ ಜೊತೆ ಜೋಡಿಸಿದ್ದರು. ಕೆಂಪು ದೀಪ ಬಿದ್ದಾಗಲೆಲ್ಲ ತಲೆಯೆತ್ತಿ ನೋಡುತ್ತಿದ್ದೆ, ಹಸಿರು ಬಂದರೂ ಉರಿ ಆರುತ್ತಿರಲಿಲ್ಲ.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯಲ್ಲೂ ಹೊದಿಕೆಯಡಿ ಇಂಥದೊಂದು ಸ್ಕೂಟರು ನಿಂತಿದ್ದರೆ, ಜಾಹೀರಾತಿನವರು ಬಂದು ಕೇಳುವ ಮೊದಲೇ ಮಗಳನ್ನು ಕರೆಯಿರಿ. ಅವಳು ಕೇಳಲಿ ಎಂದು ಕಾಯಬೇಡಿ. ಹೆಲ್ಮೆಟ್ ತೊಡಿಸಿ, ಅವಳ ಎಡಗೈಯ ಮೇಲೆ ನಿಮ್ಮ ಕೈಯಿಟ್ಟು, ಗೇರು ಕಲಿಸಿ.