ನಾಲ್ಕು ಊರಿಗೂ ಒಂದೇ ರೇಟು

ಹೋದ ವಾರ ನಮ್ಮ ಬೀದಿಯ ಕೊನೆಯಲ್ಲಿ ಕಟ್ಟುತ್ತಿರುವ ಮನೆಯ ಮುಂದೆ ಆಚಾರರೊಬ್ಬರು ಬಾಗಿಲುವಾಡಕ್ಕೆ ತೇಗದ ತೊಲೆ ಕೀಸುತ್ತಿದ್ದರು. ಹಾಲು ತರಲು ಹೊರಟವನು ಅಲ್ಲೇ ನಿಂತುಬಿಟ್ಟೆ. ತೇಗ ಕೀಸಿದಾಗ ಬರುವ ವಾಸನೆ, ಹಳೇ ಚರ್ಮದ ಚೀಲದೊಳಗೆ ಮೂಗಿಟ್ಟ ಹಾಗೆ, ಜೊತೆಗೆ ಒಂಚೂರು ಎಣ್ಣೆಯ ಕಮಟು. ಇಪ್ಪತ್ತೆರಡು ವರ್ಷ ಆ ವಾಸನೆಯಲ್ಲೇ ಕೆಲಸ ಮಾಡಿದವನು ನಾನು. ಈಗ ಅದು ಮೂಗಿಗೆ ಬಿದ್ದರೆ ಮೊದಲು ಕಣ್ಣಮುಂದೆ ಬಂದು ನಿಲ್ಲುವವಳು ನಮ್ಮ ಅತ್ತೆ, ಅಪ್ಪನ ತಂಗಿ...

ಅವಳನ್ನು ಕೊಟ್ಟಿದ್ದು ಅಕ್ಕಿಹೆಬ್ಬಾಳಿನ ಹತ್ತಿರದ ಹಳ್ಳಿಗೆ. ಮಾವ ಬೇಗ ತೀರಿಕೊಂಡರು. ಹೋಗುವ ಮುಂಚೆ ಗಂಡ ಹೆಂಡತಿ ಇಬ್ಬರೂ ಸೇರಿ ಹೊಲದ ಬದುವಿನುದ್ದಕ್ಕೂ ತೇಗದ ಸಸಿ ನೆಟ್ಟಿದ್ದರು. ಉಳಿದುಕೊಂಡಿದ್ದು ಮೂವತ್ತಾರು. ಬೇಸಿಗೆಯಲ್ಲಿ ಅತ್ತೆ ಹೊಳೆಯಿಂದ ನೀರು ಹೊತ್ತು ಹಾಕಿ ಬೆಳೆಸಿದ ಮರಗಳು ಅವು.

ಅತ್ತೆಗೆ ಅನುಮಾನ ಹೆಚ್ಚು. ಡೇರಿಯಲ್ಲಿ ಹಾಲಿನ ಅಳತೆ ಹಾಕುವಾಗ ಬಗ್ಗಿ ನೋಡದೆ ಬರುತ್ತಿರಲಿಲ್ಲ. ನಮ್ಮ ಮನೆಯ ತೆಂಗಿನಕಾಯನ್ನೇ ಕೊಟ್ಟರೂ ಕಿವಿ ಹತ್ತಿರ ಅಲ್ಲಾಡಿಸಿ ನೋಡಿ ಚೀಲಕ್ಕೆ ಹಾಕುತ್ತಿದ್ದಳು. ಬಸ್ಸಿನ ಕಂಡಕ್ಟರು ಕೊಟ್ಟ ಚಿಲ್ಲರೆಯನ್ನು ಇಳಿದ ಮೇಲೂ ಇನ್ನೊಂದು ಸಲ ಎಣಿಸುವಳು. ನಾವು ಅವಳ ಹಿಂದೆ ನಗುತ್ತಿದ್ದೆವು. ಅವಳಿಗೂ ಗೊತ್ತಿತ್ತು, ತಲೆಗೆ ಹಾಕಿಕೊಳ್ಳುತ್ತಿರಲಿಲ್ಲ.

ನಾನು ಆಗ ಪಾಂಡವಪುರದ ಒಂದು ಮರ ಕುಯ್ಯುವ ಮಿಲ್ಲಿನಲ್ಲಿ ರೈಟರ್ ಆಗಿದ್ದೆ. ರೈತರು ತಂದ ದಿಮ್ಮಿಗೆ ಟೇಪು ಹಿಡಿದು ಎಷ್ಟು ಅಡಿ ಮರ ಕೂರುತ್ತದೆ ಎಂದು ಹೇಳುವುದು ನನ್ನ ಕೆಲಸ. ಹೊರಗಿನವರಿಗೆ ಕಾಣುತ್ತಿದ್ದ ಕೆಲಸ ಇಷ್ಟೇ. ಇನ್ನೊಂದಿತ್ತು. ಪ್ರತಿ ಸೋಮವಾರ ಬೆಳಿಗ್ಗೆ, ಗರಗಸ ಶುರುವಾಗಿ ಮಾತು ಕೇಳಿಸದಂತಾಗುವ ಮುಂಚೆ, ನಾನು ಮೂರು ಫೋನು ಮಾಡಬೇಕಿತ್ತು. ಶ್ರೀರಂಗಪಟ್ಟಣದ ಒಂದು ಮಿಲ್ಲಿಗೆ, ಕೆ.ಆರ್. ಪೇಟೆಯ ಒಂದಕ್ಕೆ, ನಾಗಮಂಗಲದ ಒಂದಕ್ಕೆ. ಆ ವಾರ ತೇಗ ಅಡಿಗೆ ಎಷ್ಟು, ಹೊನ್ನೆಗೆ ಎಷ್ಟು, ಹಲಸಿಗೆ ಎಷ್ಟು ಅಂತ ನಾಲ್ವರು ಯಜಮಾನರೂ ಒಪ್ಪಿಕೊಂಡಿದ್ದನ್ನು ಎಲ್ಲರಿಗೂ ಮುಟ್ಟಿಸುವುದು. ಅದಕ್ಕಿಂತ ಮೇಲೆ ಯಾರೂ ಕೊಡುವಂತಿರಲಿಲ್ಲ. ದೊಡ್ಡ ಮರ ಇರುವ ರೈತ ಯಾರಾದರೂ ವಿಚಾರಿಸಿಕೊಂಡು ಹೋಗಿದ್ದರೆ ಅವನ ಊರು, ಮರದ ಲೆಕ್ಕ ಕೂಡ ಆ ಫೋನಿನಲ್ಲೇ ಹೋಗುತ್ತಿತ್ತು. ನಾವು ಅದಕ್ಕೆ ‘ರೇಟು ಕೇಳೋದು’ ಅನ್ನುತ್ತಿದ್ದೆವು. ಅದರಲ್ಲಿ ತಪ್ಪಿದೆ ಅಂತ ನನಗೆ ಅನ್ನಿಸಿರಲಿಲ್ಲ... ಅಥವಾ ಅನ್ನಿಸದ ಹಾಗೆ ಇದ್ದುಬಿಟ್ಟಿದ್ದೆ.

ಒಂದು ದಿನ ಅತ್ತೆ ಮಿಲ್ಲಿಗೇ ಬಂದಳು. ಕೈಚೀಲದಿಂದ ಒಂದು ಉದ್ದನೆಯ ಹಗ್ಗ ತೆಗೆದಳು. ಅದರ ತುಂಬ ಗಂಟುಗಳು. ಒಂದೊಂದು ಮರಕ್ಕೂ ತಾನೇ ಸುತ್ತು ಹಾಕಿ ಅಳೆದು ಗಂಟು ಕಟ್ಟಿಕೊಂಡು ಬಂದಿದ್ದಳು. ಮೈದುನನ ಮನೆಯ ಒಂದು ಅಂಕಣದಲ್ಲಿ ಮಗಳ ಜೊತೆ ಅವಳ ಸಂಸಾರ, ಮಧ್ಯೆ ಅಡ್ಡಗೋಡೆ. ಆ ಕಡೆ ಕೆಮ್ಮಿದರೆ ಈ ಕಡೆ ಕೇಳುತ್ತಿತ್ತು. ಮರ ಮಾರಿ ಊರ ಹೊರಗಿನ ತನ್ನ ಸೈಟಿನಲ್ಲಿ ಎರಡು ಕೋಣೆ ಕಟ್ಟಿಸಬೇಕು ಅನ್ನುವುದು ಅವಳ ಲೆಕ್ಕಾಚಾರ.

"ನನ್ ಬಾಗ್ಲಿಗೆ ನಾನೇ ಚಿಲಕ ಹಾಕ್ಕೊಂಡು ಮನಿಕಬೇಕು ಕಣ್ಲಾ ಮಗ. ಎಷ್ಟ್ ವರ್ಸ ಅಂತ ಇನ್ನೊಬ್ರು ಗ್ವಾಡೆ ಪಕ್ಕ ಇರಾದು?" ಅಂದಳು.

ಹಗ್ಗದ ಗಂಟುಗಳನ್ನು ಟೇಪಿಗೆ ಹಿಡಿದು ನೋಡಿದೆ. ಅಳತೆ ಕರಾರುವಾಕ್ಕಾಗಿತ್ತು. ಆ ವಾರದ ರೇಟು ಹೇಳಿದೆ. ಅವಳು ಹಗ್ಗ ಸುತ್ತಿ ಚೀಲಕ್ಕೆ ಹಾಕಿಕೊಂಡು, "ಬ್ಯಾರೆ ಕಡೆನೂ ಕೇಳ್ಕ ಬತ್ತೀನಿ, ತಪ್ಪು ತಿಳ್ಕಬ್ಯಾಡ" ಅಂದು ಹೊರಟಳು. ಅವಳ ಬೆನ್ನು ಕಾಣಿಸುತ್ತಿದ್ದಾಗಲೇ ನನಗೆ ಗೊತ್ತಿತ್ತು, ಎಲ್ಲಿಗೆ ಹೋದರೂ ಅವಳಿಗೆ ಏನು ಸಿಗುತ್ತದೆ ಅಂತ. ಮುಂದಿನ ಸೋಮವಾರದ ಫೋನಿನಲ್ಲಿ ನಾನೇ ಹೇಳಿದೆ: ಅಕ್ಕಿಹೆಬ್ಬಾಳಿನ ಕಡೆಯ ಹೆಂಗಸು, ಮೂವತ್ತಾರು ತೇಗ. ನಮ್ಮ ಅತ್ತೆ ಅಂತ ಮಾತ್ರ ಹೇಳಲಿಲ್ಲ.

ಹತ್ತು ದಿನ ಬಿಟ್ಟು ಬಂದಳು. ಮೂರು ಊರಿಗೂ ಬಸ್ಸಿನಲ್ಲಿ ಹೋಗಿ ಬಂದಿದ್ದಳು. ಅಂಗಳದಲ್ಲಿ ಬಿದ್ದಿದ್ದ ದಿಮ್ಮಿಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ಪಟ್ಣದಲ್ಲಿ ಅದೇ ರೇಟು, ಪ್ಯಾಟೆಲಿ ಅದೇ, ನಾಗಮಂಗಲದಲ್ಲೂ ಅದೇ. ಒಂದ್ ರೂಪಾಯಿ ಇಂಗಿಲ್ಲ, ಒಂದ್ ರೂಪಾಯಿ ಅಂಗಿಲ್ಲ."

"ಮಾರ್ಕೆಟ್ಟು ಅಂಗದೆ ಅತ್ತೆ" ಅಂದೆ.

"ನಾಕ್ ಊರಲ್ಲಿ ಸೊಪ್ಪಿನ ಕಟ್ಟು ಒಂದೇ ರೇಟಿಗೆ ಸಿಕ್ಕಾಕಿಲ್ಲ. ಮರ ಎಂಗ್ಲಾ ಸಿಕ್ಕದು?"

ನಾನು ಟೇಪು ಸುತ್ತುತ್ತಾ ನಿಂತೆ. ಅವಳು ಧ್ವನಿ ತಗ್ಗಿಸಿದಳು. "ನೀನು ನಮ್ಮಣ್ಣನ ಮಗ. ಬ್ಯಾರೆಯೋರ ಕೇಳಾಕಿಲ್ಲ ನಾನು. ಇವ್ರೆಲ್ಲ ಮಾತಾಡ್ಕಂಡವ್ರಾ? ಅದೊಂದು ಯೋಳ್ಬುಡು ಸಾಕು."

ನನ್ನ ಹಿಂದೆ ಆಫೀಸಿನ ಕಿಟಕಿ ತೆರೆದಿತ್ತು. ಒಳಗೆ ಯಜಮಾನರು ಕೂತಿದ್ದರು. ನಾನು ಹೊರದೇಶದಿಂದ ಹಡಗಿನಲ್ಲಿ ಬರುತ್ತಿರುವ ಅಗ್ಗದ ಮರದ ಕತೆ ಹೇಳಿದೆ. ಅದು ಸುಳ್ಳೇನಲ್ಲ, ಬರುತ್ತಲೇ ಇತ್ತು. ಅದಕ್ಕೇ ಎಲ್ಲ ಕಡೆಯೂ ರೇಟು ಬಿದ್ದಿದೆ, ನೀನು ಸುಮ್ಮನೆ ಎಲ್ಲದಕ್ಕೂ ಅನುಮಾನ ಪಡುತ್ತೀಯ ಅಂದೆ. ಅತ್ತೆ ನನ್ನ ಮುಖವನ್ನು ಕಾಯಿ ಅಲ್ಲಾಡಿಸಿ ಕೇಳುವಾಗಿನ ಹಾಗೆಯೇ ನೋಡಿದಳು. ಆಮೇಲೆ "ಆಯ್ತು ಬುಡು" ಅಂದು ಎದ್ದಳು.

ಎರಡು ತಿಂಗಳು ಸುದ್ದಿಯಿರಲಿಲ್ಲ. ಒಂದು ಭಾನುವಾರ ನಾನು ಮನೆಯಲ್ಲಿಲ್ಲದಾಗ ಬಂದು ನನ್ನ ಹೆಂಡತಿಯ ಜೊತೆ ಅಡುಗೆಮನೆಯಲ್ಲಿ ಕೂತು ಮಾತಾಡಿ ಹೋಗಿದ್ದಳು. ಬೆಳ್ಳೂರು ಕ್ರಾಸಿಗೆ ಹೋಗಿ ಮೂರು ದಿನ ಒಂದು ಹೋಟೆಲಿನ ಮುಂದೆ ಕೂತಿದ್ದಳಂತೆ. ಹಾಸನದ ಕಡೆಯಿಂದ ಬೆಂಗಳೂರಿಗೆ ಹೋಗುವ ಮರದ ಲಾರಿಗಳು ಅಲ್ಲಿ ಊಟಕ್ಕೆ ನಿಲ್ಲುತ್ತವೆ. ಡ್ರೈವರುಗಳನ್ನು ಒಬ್ಬೊಬ್ಬರನ್ನೇ ಕೇಳಿದ್ದಾಳೆ, ಈ ಮರ ಎಲ್ಲಿಗೆ, ಅಡಿಗೆ ಎಷ್ಟು ಅಂತ. ಸುಮಾರು ಜನ ನಕ್ಕು ಹೋದರಂತೆ. ವಯಸ್ಸಾದ ಸಾಬರೊಬ್ಬರು ಮಾತ್ರ ಅವಳನ್ನು ಕೂರಿಸಿ ಟೀ ಕುಡಿಸಿ, "ಅಮ್ಮಾ, ನಿಮ್ದುಕೆ ಹೇಳಿರೋ ರೇಟು ಅರ್ಧಾನೂ ಇಲ್ಲ" ಅಂದು, ತಮಗೆ ಗೊತ್ತಿದ್ದ ಬೆಂಗಳೂರಿನ ವ್ಯಾಪಾರಿಯೊಬ್ಬರ ಜೊತೆ ಫೋನಿನಲ್ಲಿ ಮಾತಾಡಿಸಿದರಂತೆ. ಪರ್ಮಿಟ್ಟು ಬಂದಿದೆ, ಮೊದಲು ಹತ್ತು ಮರ ಉರುಳಿಸುತ್ತಾಳೆ, ಅವರು ಬಂದು ನೋಡಿ ಒಯ್ಯುತ್ತಾರೆ.

"ನಿಮ್ಗೆ ಹೇಳ್ಬೇಡ ಅಂದವ್ರೆ ಅತ್ತೆ" ಅಂತ ನಗುತ್ತಲೇ ಹೇಳಿದಳು ನನ್ನವಳು. ಮನೆಯವನಿಂದ ಮುಚ್ಚಿಡುವಂಥದ್ದು ಇದರಲ್ಲೇನಿದೆ ಅಂತ ಅವಳಿಗೆ ಅನ್ನಿಸಿತ್ತು.

ಆ ವಾರವೇ ಯಜಮಾನರು ನನ್ನನ್ನು ಒಳಗೆ ಕರೆದರು. "ಆ ಅಕ್ಕಿಹೆಬ್ಬಾಳಿನೋರು ನಿಮ್ಮತ್ತೆಯಂತಲ್ಲಯ್ಯ. ನೀನು ಒಂದ್ ಮಾತೂ ಹೇಳ್ಲಿಲ್ಲ" ಅಂದರು. ಸಿಟ್ಟೇನೂ ಮಾಡಲಿಲ್ಲ, ನಗುತ್ತಲೇ ಕೇಳಿದರು. ಆ ಮರ ಯಾವ ಮಿಲ್ಲಿಗೂ ಬಾರದ್ದಕ್ಕೆ, ಒಳಗಿನ ಮಾತು ನಾನು ಹೊರಗೆ ಬಿಟ್ಟಿದ್ದೇನೆ ಅನ್ನುವ ಅನುಮಾನ ಅವರ ಕಣ್ಣಿನಲ್ಲಿತ್ತು. ನಾನು ಅಂಥವನಲ್ಲ ಅಂತ ತೋರಿಸಿಕೊಳ್ಳಬೇಕಿತ್ತು. ಬೆಳ್ಳೂರು ಕ್ರಾಸು, ಬೆಂಗಳೂರಿನ ವ್ಯಾಪಾರಿ, ಹತ್ತು ಮರ, ಎಲ್ಲ ಹೇಳಿಬಿಟ್ಟೆ. ಅವರು ತಲೆಯಾಡಿಸಿ ನನ್ನೆದುರಿಗೇ ಎರಡು ಫೋನು ಮಾಡಿದರು. ಯಾರಿಗೆ, ಏನು ಹೇಳಿದರು ಅಂತ ಈಗ ಪೂರ್ತಿ ನೆನಪಿಲ್ಲ... "ನಮ್ ಏರಿಯಾ ಅದು" ಅಂದಿದ್ದು ಮಾತ್ರ ಕಿವಿಯಲ್ಲಿದೆ.

ಬೆಂಗಳೂರಿನವರು ಬರಲಿಲ್ಲ. ಅತ್ತೆ ಫೋನು ಮಾಡಿದರೆ ಎತ್ತಲೂ ಇಲ್ಲ. ಹತ್ತು ಮರ ಉರುಳಿಸಿಯಾಗಿತ್ತು. ಮೂರು ವಾರ ಕಾಯಿಸಿ ಯಜಮಾನರು ನನ್ನನ್ನೇ ಕಳಿಸಿದರು, ಮೊದಲು ಹೇಳಿದ್ದಕ್ಕಿಂತ ಕಮ್ಮಿ ರೇಟು ಹೇಳಿ ಬಾ ಅಂತ.

ಹೋದೆ. ಅತ್ತೆ ಬದುವಿನ ಮೇಲೆ ಕೂತಿದ್ದಳು. ಮಳೆ ಬಿದ್ದು ದಿಮ್ಮಿಗಳ ತುದಿ ಕಪ್ಪಾಗಿತ್ತು. ಸಿಪ್ಪೆಯಲ್ಲಿ ಹುಳ ಬಿದ್ದು ಸಣ್ಣ ಸಣ್ಣ ತೂತಾಗಿದ್ದವು. ನಾನು ಬೈಕು ನಿಲ್ಲಿಸುವವರೆಗೂ ಅವಳು ತಿರುಗಿ ನೋಡಲಿಲ್ಲ.

"ನೀನೇ ಬತ್ತೀಯ ಅಂತಿದ್ದೆ" ಅಂದಳು.

ರೇಟು ಹೇಳಿದೆ. ಹೇಳುವಾಗ ದಿಮ್ಮಿ ನೋಡುತ್ತಾ ಹೇಳಿದೆ.

"ನಾನು ಬೆಂಗ್ಳೂರಿನೋರ್ನ ಕರ್ಸಿದ್ದು ನಿಮ್ ಯಜಮಾನಂಗೆ ಎಂಗ್ ಗೊತ್ತಾಯ್ತು ಮಗ?"

"ಇಂಥವೆಲ್ಲ ಗೊತ್ತಾಯ್ತವೆ ಅತ್ತೆ. ಸಣ್ಣ ಊರು."

"ಊಂ" ಅಂದಳು. ಸೆರಗು ತಲೆಗೆ ಎಳೆದುಕೊಂಡು, "ಬಿಸ್ಲು ಜಾಸ್ತಿ ಅದೆ. ಮನೆತಾವ ಓಗಿ ಮಜ್ಗೆ ಕುಡ್ಕಂಡು ಓಗು. ಮರ ಕೊಡಾಕಿಲ್ಲ ಅಂತ ಯೋಳು" ಅಂದಳು. ಮಜ್ಜಿಗೆ ಕುಡಿಯದೆ ಬಂದೆ.

ಆಮೇಲೆ ಅವಳು ಮಾಡಿದ್ದು ನಾವು ಯಾರೂ ನೆನೆಸದಿದ್ದ ಕೆಲಸ. ಚಿನಕುರಳಿಯಲ್ಲಿ ಆಚಾರರೊಬ್ಬರು ಸಣ್ಣದೊಂದು ಕಟಿಂಗ್ ಮೆಷೀನು ಇಟ್ಟುಕೊಂಡಿದ್ದರು. ಟ್ರಾಕ್ಟರಿನಲ್ಲಿ ದಿಮ್ಮಿ ಹೇರಿಸಿ, ಮೇಲೆ ತಾನೂ ಕೂತು ಅಲ್ಲಿಗೆ ಒಯ್ದಳು. ಎರಡು ದಿಮ್ಮಿ ಅವರಿಗೆ, ಉಳಿದಿದ್ದು ಕುಯ್ದು ಬಾಗಿಲುವಾಡ, ಕಿಟಕಿ ಮಾಡಿಕೊಡಬೇಕು ಅಂತ ಮಾತು. ಕುಯ್ಯುವಷ್ಟು ದಿನವೂ ಬೆಳಿಗ್ಗೆ ಬಸ್ಸಿಗೆ ಬಂದು ಮೆಷೀನಿನ ಮುಂದೆ ಕೂರುತ್ತಿದ್ದಳಂತೆ, ಒಂದು ಹಲಗೆಯೂ ಆಚೀಚೆ ಹೋಗದ ಹಾಗೆ. ಸುತ್ತಮುತ್ತ ಮನೆ ಕಟ್ಟುತ್ತಿದ್ದವರ ಹತ್ತಿರ ತಾನೇ ಹೋಗಿ ಮಾರಿದಳು. ಎರಡು ವರ್ಷ ಹಿಡಿಯಿತು. ಎರಡು ಕೋಣೆ ಎದ್ದವು.

ಗೃಹಪ್ರವೇಶಕ್ಕೆ ನಮ್ಮನ್ನೂ ಕರೆದಳು. ನನಗೆ ಮೊದಲ ಪಂಕ್ತಿಯಲ್ಲೇ ಎಲೆ ಹಾಕಿಸಿದಳು, ಹೋಳಿಗೆಗೆ ತುಪ್ಪ ತಾನೇ ಬಡಿಸಿದಳು. ಮರದ ಮಾತು ಎತ್ತಲಿಲ್ಲ. ಅವತ್ತಿನಿಂದ ಅನುಮಾನ ಪಡುವ ಸರದಿ ನನ್ನದಾಯಿತು. ಅವಳಿಗೆ ಗೊತ್ತಿದೆಯೋ ಇಲ್ಲವೋ? "ನಿನ್ ಕೆಲ್ಸ ಎಂಗದೆ ಮಗ?" ಅಂತ ಅವಳು ಮಾಮೂಲಿಯಾಗಿ ಕೇಳಿದರೂ ರಾತ್ರಿಯೆಲ್ಲ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದೆ. ಹೆಂಡತಿಗಂತೂ ಗೊತ್ತಿತ್ತು. ಯಾರು ಬಂದು ಏನು ಹೇಳಿ ಹೋದರು ಅನ್ನುವುದನ್ನು ನನಗೆ ಹೇಳುವುದನ್ನೇ ಬಿಟ್ಟಳು.

ಕೊನೆಯಲ್ಲಿ ಅತ್ತೆ ಮಂಡ್ಯದ ಆಸ್ಪತ್ರೆಯಲ್ಲಿದ್ದಳು. ಈ ಸಲ ಹೇಳಿಯೇ ಬಿಡಬೇಕು ಅಂತ ಹೋದೆ. ಮಂಚದ ಪಕ್ಕ ಕೂತೆ. ಕೈ ಕಡ್ಡಿಯಾಗಿತ್ತು. ಕಣ್ಣು ಬಿಟ್ಟು ನೋಡಿ, "ಬಸ್ಸಲ್ಲಿ ಬಂದ್ಯಾ?" ಅಂದಳು. ಹೂಂ ಅಂದೆ. ಬಸ್ಸು ಎಷ್ಟೊತ್ತಿಗೆ ಬಿಟ್ಟಿತು, ಎಲ್ಲಿ ತಡವಾಯಿತು, ಅದನ್ನೇ ಹೇಳುತ್ತಾ ಕೂತೆ... ನಾಲ್ಕನೇ ದಿನ ಅವಳು ಹೋದಳು ಅಂತ ಫೋನು ಬಂತು.

ಉಳಿದ ಇಪ್ಪತ್ತಾರು ಮರವನ್ನು ಹೋದ ವರ್ಷ ಅವಳ ಮಗಳು ಹಾಸನದ ಕಡೆಯವರಿಗೆ ಕೊಟ್ಟಳು. ಅಳತೆಗೆ ನನ್ನನ್ನು ಕರೆಯಲಿಲ್ಲ. ಮರ ಹೋದ ಮೇಲೆ ಗೊತ್ತಾಯಿತು.

ಮಿಲ್ಲು ಬಿಟ್ಟ ಮೇಲೂ ಯಾರಾದರೂ ಮರ ಅಳೆಯಲು ಕರೆಯುತ್ತಾರೆ. ಮೊನ್ನೆ ಶ್ರೀರಂಗಪಟ್ಟಣದ ಹತ್ತಿರದ ಒಂದು ತೋಟಕ್ಕೆ ಹೋಗಿದ್ದೆ. ಎರಡು ಹೊನ್ನೆ ಮರ, ಹೆಣ್ಣುಮಗಳೊಬ್ಬಳು ನಿಂತು ಅಳೆಸಿದಳು. ಇನ್ನೂ ಮೂರು ಕಡೆ ಕೇಳಿ ನೋಡುತ್ತೇನೆ ಅಂದಳು. ನನ್ನ ಬಾಯಿಂದ ಮಾತು ತಾನಾಗಿ ಬಂತು.

"ಇಲ್ಲಿ, ಪಾಂಡವಪುರ, ಪ್ಯಾಟೆ, ನಾಗಮಂಗಲ, ಇಷ್ಟರಲ್ಲಿ ಕೇಳ್ಬ್ಯಾಡಿ ತಾಯಿ. ಅವ್ರವ್ರೇ ಮಾತಾಡ್ಕಂಡು ಒಂದೇ ರೇಟು ಯೋಳ್ತಾರೆ. ದೂರದೋರ್ನ ಕೇಳಿ."

"ನಿಮ್ಗೆಂಗೆ ಗೊತ್ತು?"

"ಆ ಫೋನು ಮಾಡ್ತಿದ್ದೋನು ನಾನೇ."

ಅವಳು ಒಂದು ಹೆಜ್ಜೆ ಹಿಂದೆ ಸರಿದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅಂಗಾರೆ ಈಗ ನಿಮ್ಮಾತ ಎಂಗೆ ನಂಬಾದು?" ಅಂದಳು.

"ನಂಬಬ್ಯಾಡಿ. ಇಚಾರ್ಸಿ ನೋಡಿ" ಅಂದೆ.

ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಹೇಳಲು ಒಂದು ನಿಮಿಷವೂ ಹಿಡಿದಿರಲಿಲ್ಲ. ಹೆಸರೂ ಗೊತ್ತಿಲ್ಲದ ಹೆಂಗಸಿಗೆ ಹೇಳಿದ್ದೆ. ಅತ್ತೆ ಕೇಳಿದ್ದೂ ಅದೊಂದೇ ಮಾತು.