ಸೈಕಲ್ ಹೊಡೆಯುವ ಫೋಟೊ

ಸಂಗಾತಿ ಹುಡುಕಿಕೊಡುವ ಆ್ಯಪ್‌ಗೆ ಸೇರಿದಾಗ ನನಗೆ ನಲವತ್ತೆರಡು. ಸುಮ್ಮನೆ ನಿಂತ ಫೋಟೊ ಬೇಡ, ಏನಾದರೂ ಮಾಡುತ್ತಿರುವ ಫೋಟೊ ಹಾಕಿ ಎಂದು ಅದರಲ್ಲಿ ಸಲಹೆ ಇತ್ತು. ನಾನು ದಿನಾ ಮಾಡುವುದೆಂದರೆ ಮಕ್ಕಳ ಉತ್ತರಪತ್ರಿಕೆ ತಿದ್ದುವುದು. ಅದನ್ನು ನೋಡಿ ಯಾರು ಮೆಚ್ಚಿಯಾರು? ನಮ್ಮೂರು ರಾಯಬಾಗದ ಗುರುತಿನವರ ಕಣ್ಣು ತಪ್ಪಿಸಿ, ಚಿಕ್ಕೋಡಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಹಿರಿಯರೊಬ್ಬರನ್ನು ಹಿಡಿದೆ. ಫೋಟೊ ಯಾಕೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಊರ ಹೊರಗಿನ ಕಬ್ಬಿನ ಹೊಲದ ರಸ್ತೆಯಲ್ಲಿ ಅವರ ಮಗಳ ಸೈಕಲ್ ಹೊಡೆದೆ. ಅವರು ಕ್ಯಾಮೆರಾ ಹಿಡಿದು ಪಕ್ಕದಲ್ಲೇ ಓಡಿದರು.

"ಅಕ್ಕಾರ, ಹ್ಯಾಂಡಲ್ ಅಷ್ಟು ಬಿಗಿ ಹಿಡೀಬ್ಯಾಡ್ರಿ, ಯಾರೋ ಕಸಕೊಳ್ಳಾಕ ಬಂದಂಗ ಕಾಣತೈತಿ! ನಗ್ರಿ!"

ನಕ್ಕೆ.

ಮರುದಿನ ಕಂಪ್ಯೂಟರಿನಲ್ಲಿ ತೋರಿಸಿದರು. ಕಣ್ಣ ಕೆಳಗಿನ ಕಪ್ಪು ಹೋಗಿತ್ತು, ವೇಲು ಗಾಳಿಗೆ ಹಾರುತ್ತಿತ್ತು, ನಿಜಕ್ಕೂ ಚೆಂದ ಬಂದಿದ್ದೆ. ಕೊರಳಲ್ಲಿ ಮಾತ್ರ ಒಂದು ತಾಳಿ ಹೊಳೆಯುತ್ತಿತ್ತು.

"ಇದೆಲ್ಲಿಂದ ಬಂತ್ರಿ?"

"ಅವಸರದಾಗ ಮನ್ಯಾಗ ಬಿಟ್ಟು ಬಂದೀರಿ ಅನಕೊಂಡು ನಾನ ಹಾಕೀನ್ರಿ. ಬರಿ ಕೊಳ್ಳಿನ ಫೋಟೊ ಒಯ್ದರ ಯಜಮಾನ್ರು ಬೈತಾರ."

"ಯಜಮಾನ್ರನ್ನ ಬಿಟ್ಟು ಕೋರ್ಟಿನಾಗ ಸೋಡಚೀಟಿ ತಗೊಂಡೀನ್ರಿ. ಈ ಫೋಟೊ ಹೊಸಾ ಗಂಡು ಹುಡಕಾಕ" ಅಂದೆ. ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅವರ ಕಿವಿ ಕೆಂಪಾದವು. "ತಪ್ಪಾತು ತಂಗಿ, ಈಗ ತಗೀತೀನಿ. ನಗಿ ಮಾತ್ರ ನಿಂದ ಐತಿ, ಅದನ್ನ ನಾ ಮುಟ್ಟಿಲ್ಲ" ಎಂದು ಮೌಸ್ ಹಿಡಿದು ಒಂದೊಂದೇ ಕರಿಮಣಿ ಅಳಿಸತೊಡಗಿದರು.

ಕೋರ್ಟು ವರ್ಷಗಟ್ಟಲೆ ಎಳೆದ ಕೆಲಸವನ್ನು, ಒಂದೂ ವಾಯಿದೆ ಕೇಳದೆ, ಚಹಾ ಆರುವುದರೊಳಗೆ ಮುಗಿಸಿಕೊಟ್ಟರು.